ಸರಿಯಾಗಿದ್ದ ಉತ್ತರವನ್ನ ಹುಡುಗ ಯಾಕೆ ಅಳಿಸಿದ?

ಸಿಬಿಝಡ್ ಮೇಷ್ಟ್ರು · ಮಂಗಳವಾರ, ರಾತ್ರಿ 9:10

ಹತ್ತನೇ ಕ್ಲಾಸಿಗೆ ಬೆಳಿಗ್ಗೆ ಎಂಟೂವರೆಗೇ ವಿಶೇಷ ತರಗತಿ ಶುರುವಾಗಿದೆ. ಜನವರಿ ಅಂದ್ರೆ ಗೊತ್ತಲ್ಲ, ಪಾಸಿಂಗ್ ಪ್ಯಾಕೇಜ್ ಸೀಸನ್ನು. ಓದಿನಲ್ಲಿ ಹಿಂದಿರೋ ಮಕ್ಕಳನ್ನ ಒಂದು ಕಡೆ ಕೂರಿಸಿ ಒಂದು ಹತ್ತು ಚಿತ್ರ, ಇಪ್ಪತ್ತು ಒಂದಂಕದ ಪ್ರಶ್ನೆ, ನಾಲ್ಕು ಸಮೀಕರಣ ಉರು ಹೊಡೆಸೋದು. ಹೃದಯ, ಮೆದುಳು, ಹೂವಿನ ನೀಳಛೇದ, ನೀರಿನ ವಿದ್ಯುದ್ವಿಭಜನೆ. ಬರೆದು ಭಾಗ ಗುರುತಿಸಿದರೆ ಹುಡುಗ ದಡ ಸೇರಿದ ಅಂತ ಲೆಕ್ಕ.

ಇವತ್ತು ಒಬ್ಬನನ್ನ ಬೋರ್ಡಿಗೆ ಕರೆದು ಹೃದಯ ಬರಿ ಅಂದೆ. ಬರೆದ ಮಾರಾಯ, ನಾನೇ ಅಷ್ಟು ಚೆನ್ನಾಗಿ ಬರೆಯೋಲ್ಲ. ಕವಾಟ, ಮಹಾಪಧಮನಿ, ಎಲ್ಲ ಅದರದರ ಜಾಗದಲ್ಲಿ. ಖುಷಿಯಾಗಿ, ಸ್ವಲ್ಪ ಮಾತಾಡಿಸೋಣ ಅಂತ ಕೇಳಿದೆ: "ಬಲ ಹೃತ್ಕರ್ಣ ಅಂತ ಬೋರ್ಡಿನ ಎಡಗಡೆ ಬರ್ದೀಯಲ್ಲೋ, ಯಾಕೆ?"

ಅವನು ಒಂದು ಮಾತಾಡಲಿಲ್ಲ. ಡಸ್ಟರ್ ತಗೊಂಡ. ಬಲ ಇದ್ದ ಕಡೆ ಎಡ, ಎಡ ಇದ್ದ ಕಡೆ ಬಲ ಅಂತ ತಿದ್ದಿ ನನ್ನ ಮುಖ ನೋಡಿದ. ಸರಿಯಾಗಿದ್ದದ್ದು ತಪ್ಪಾಯ್ತು.

"ಯಾಕೋ ಅಳಿಸಿದೆ?" ಅಂದರೆ "ನೀವು ಕೇಳಿದ್ರಲ್ರೀ ಸರ" ಅಂದ. ಕ್ಲಾಸಿನಲ್ಲಿ ಒಬ್ಬರೂ ನಗಲಿಲ್ಲ. ಅವರಿಗೆಲ್ಲ ಅದು ಸಹಜ ಅನ್ನಿಸ್ತು. ಮೇಷ್ಟ್ರು ಪ್ರಶ್ನೆ ಕೇಳಿದರು ಅಂದರೆ ಎಲ್ಲೋ ತಪ್ಪಾಗಿದೆ ಅಂತಲೇ ಅರ್ಥ.

ನಾನು ಶಿರಾ ಕಡೆಯವನು, ಕೊಪ್ಪಳ ಜಿಲ್ಲೆಯಲ್ಲಿ ಹನ್ನೊಂದು ವರ್ಷದಿಂದ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಪಾಠ ಮಾಡ್ತಿದ್ದೀನಿ. ಈ ಮಕ್ಕಳಿಗೆ ಇದನ್ನ ಕಲಿಸಿದ್ದು ಯಾರು? ನಾನಾ, ಮನೆಯವರಾ? ಸಂಜೆಯಿಂದ ತಲೆ ತಿಂತಿದೆ. ಶಾಲೆಯವರು, ಅಪ್ಪ ಅಮ್ಮಂದಿರು, ಯಾರಾದರೂ ಹೇಳಿ.

ಜಯನಗರ ಜಾಣ · 9:22

ಮೇಷ್ಟ್ರುಗಳೇ ಕಾರಣ. ಇದರಲ್ಲಿ ಚರ್ಚೆ ಏನಿದೆ?

ಲೆಕ್ಕದ ಮೇಡಂ · 9:31

@ಜಯನಗರ ಜಾಣ, ಒಂದು ವಾರ ಬಂದು ಎಂಟನೇ ಕ್ಲಾಸು ಹಿಡಿದುಕೊಳ್ಳಿ, ಆಮೇಲೆ ಮಾತಾಡೋಣ.

ಮೇಷ್ಟ್ರೇ, ನಮ್ಮ ಹಾಸನದಲ್ಲೂ ಇದೇ. ಲೆಕ್ಕದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ. "ಪ್ಲಸ್ ಬರುತ್ತಾ, ಮೈನಸ್ಸಾ?" ಅಂದರೆ ಪುಸ್ತಕ ನೋಡಲ್ಲ, ನನ್ನ ಹುಬ್ಬು ನೋಡ್ತಾರೆ. "ಪ್ಲಸ್" ಅಂತ ಅರ್ಧ ಹೇಳಿ, ನಾನು ಸುಮ್ಮನೆ ನಿಂತರೆ "ಅಲ್ಲ ಮೇಡಂ, ಮೈನಸ್ಸು". ಗಣಿತ ಕಲೀತಿದ್ದಾರೋ, ಮುಖ ಓದೋದು ಕಲೀತಿದ್ದಾರೋ!

ನಾನು ನಾಲ್ಕು ವರ್ಷದಿಂದ ಒಂದು ಉಪಾಯ ಮಾಡ್ತಿದ್ದೀನಿ. ಉತ್ತರ ಸರಿ ಇರಲಿ, ತಪ್ಪಿರಲಿ, ಒಂದೇ ಮುಖ ಇಟ್ಟುಕೊಂಡು "ಹೇಗೆ ಬಂತು?" ಅಂತ ಕೇಳ್ತೀನಿ. ಜೂನ್‌ನಲ್ಲಿ ಎಲ್ಲರೂ ಅಳಿಸ್ತಾರೆ. ಅಕ್ಟೋಬರ್ ಹೊತ್ತಿಗೆ ಮೂರು ನಾಲ್ಕು ಜನ "ಅಳಿಸಲ್ಲ ಮೇಡಂ, ನಂದೇ ಸರಿ" ಅಂತಾರೆ. ಆ ಮೂರು ನಾಲ್ಕು ಜನರಿಗೋಸ್ಕರ ನಾನು ವರ್ಷವಿಡೀ ಕಲ್ಲುಮುಖ ಮಾಡಿಕೊಂಡಿರಬೇಕು. ಮನೆಯಲ್ಲಿ ನಮ್ಮೆಜಮಾನರು ಕೇಳ್ತಾರೆ, ನಿನಗೆ ಏನಾಗಿದೆ ಅಂತ.

ಹಳೇ ಹೆಡ್ಮಾಸ್ಟ್ರು · 9:48

ನಿವೃತ್ತನಾಗಿ ಆರು ವರ್ಷ. ನೀವು ಪಾಸಿಂಗ್ ಪ್ಯಾಕೇಜನ್ನು ಲಘುವಾಗಿ ಬರೆದದ್ದು ನನಗೆ ಹಿಡಿಸಲಿಲ್ಲ. ಹತ್ತನೇ ಕ್ಲಾಸು ಫೇಲಾದ ಹುಡುಗನಿಗೆ ಗ್ಯಾರೇಜು, ಹುಡುಗಿಗೆ ಮದುವೆ. ಇದು ನಾನು ಮೂವತ್ತು ವರ್ಷ ಕಣ್ಣಾರೆ ಕಂಡದ್ದು. ಪಾಸಾದರೆ ಇನ್ನೆರಡು ವರ್ಷ ಉಸಿರಾಡಲು ಸಮಯ ಸಿಗುತ್ತದೆ. ಹೃದಯ ಅರ್ಥವಾಯಿತೋ ಇಲ್ಲವೋ ಆಮೇಲೆ. ಮೊದಲು ಆ ಮಗು ಶಾಲೆಯೊಳಗೆ ಉಳಿಯಲಿ.

ಸಿಬಿಝಡ್ ಮೇಷ್ಟ್ರು · 9:55

ಸರ್, ಲಘುವಾಗಿ ಬರೆದಿಲ್ಲ. ನಾನೇ ಮಾಡಿಸ್ತೀನಲ್ಲ. ಮಾಡಿಸ್ತಿರೋದಕ್ಕೇ ಈ ಸಂಕಟ.

ಟಿಕೆಟ್ ಟಿಕೆಟ್ · 10:04

ನಾನು ಪಾಸಿಂಗ್ ಪ್ಯಾಕೇಜಿನ ಕೂಸು. ವಿಜ್ಞಾನದಲ್ಲಿ 80ಕ್ಕೆ ಸರಿಯಾಗಿ 28. ನಮ್ಮ ಸರ್ ಇಂಗಾಲದ ಚಕ್ರಾನೂ ಗೊತ್ತಿಲ್ಲ, ಓಮನ ನಿಯಮಾನೂ ಗೊತ್ತಿಲ್ಲ ಅಂತ ಬೈಕೊಂಡೇ ಎಂಟು ಚಿತ್ರ ಕಲಿಸಿದ್ರು. ಮನೇಲಿ ಗಂಡು ನೋಡಿಟ್ಟಿದ್ರು, "ಫೇಲಾದ್ರೆ ಮೇ ತಿಂಗಳು ಲಗ್ನ" ಅಂತ ಅಪ್ಪ ಹೇಳಿದ್ದು. ಪಾಸಾದೆ. ಪಿಯುಸಿ ಆರ್ಟ್ಸ್ ಮಾಡಿದೆ. ಈಗ ಒಂಬತ್ತು ವರ್ಷದಿಂದ ಬಸ್ಸಲ್ಲಿ ಕಂಡಕ್ಟರ್. ತಂಗೀನ ನಾನೇ ನರ್ಸಿಂಗ್ ಓದಿಸಿದೆ.

ಹಂಗಾಗಿ ಮೇಷ್ಟ್ರೇ, ಆ ಎಂಟು ಚಿತ್ರದ ಬಗ್ಗೆ ಯಾರಾದ್ರೂ ನಕ್ಕರೆ ನಂಗೆ ಉರಿಯುತ್ತೆ.

ಆದ್ರೆ ನೀವು ಹೇಳಿದ್ದೂ ಖರೆ. ಆ ಚಿತ್ರದಲ್ಲಿ ಅರ್ಧ ಕೆಂಪು, ಅರ್ಧ ನೀಲಿ ಬಣ್ಣ ಹಚ್ಚಿಸ್ತಿದ್ರು. ನಮ್ಮೊಳಗೆ ನೀಲಿ ರಕ್ತ ಇರುತ್ತೆ ಅಂತಾನೇ ನಂಬಿದ್ದೆ ನಾನು. ತಂಗಿ ನರ್ಸಿಂಗ್ ಸೇರಿದ ಮೇಲೆ ಹೇಳಿದಳು, "ಅಕ್ಕ, ಅದೂ ಕೆಂಪೇ, ಸ್ವಲ್ಪ ಕಪ್ಪುಗೆಂಪು" ಅಂತ. ಅವತ್ತು ಸರ್‌ನ ಕೇಳೋಕೆ ಯಾರಿಗೆ ಧೈರ್ಯ ಇತ್ತು?

ಲೆಕ್ಕದ ಮೇಡಂ · 10:07

ಕೈ ಮುಗಿದೆ ತಾಯಿ.

ಬೆಣ್ಣೆದೋಸೆ · 10:09

ಏನಂದ್ರಿ, ರಕ್ತ ನೀಲಿ ಅಲ್ವಾ? ಕೈಮೇಲೆ ನರ ನೀಲಿ ಕಾಣುತ್ತಲ್ಲ?

ಸಿಬಿಝಡ್ ಮೇಷ್ಟ್ರು · 10:15

@ಬೆಣ್ಣೆದೋಸೆ, ಕಾಣೋದು ನರ ಅಲ್ಲ, ಅಭಿಧಮನಿ. ನೀಲಿಯಾಗಿ ಕಾಣೋದು ಚರ್ಮ ಬೆಳಕಿನ ಜೊತೆ ಆಡೋ ಆಟ. ಕೆಂಪು ಬೆಳಕು ಚರ್ಮದೊಳಗೆ ಆಳಕ್ಕಿಳಿದು ರಕ್ತದಲ್ಲಿ ಹೀರಿಕೊಳ್ಳುತ್ತೆ, ನೀಲಿ ಬೆಳಕು ಮೇಲ್ಪದರದಿಂದಲೇ ವಾಪಸ್ ಬರುತ್ತೆ. ರಕ್ತ ಪರೀಕ್ಷೆಗೆ ಸೂಜಿ ಚುಚ್ಚಿಸಿಕೊಂಡಿದ್ದೀರಲ್ಲ, ಅದು ಅಭಿಧಮನಿಯಿಂದಲೇ ತೆಗೆಯೋದು. ಸಿರಿಂಜಿಗೆ ನೀಲಿ ಬಂತಾ?

@ಟಿಕೆಟ್ ಟಿಕೆಟ್, ನಿಮ್ಮ ಮಾತು ಹೆಡ್ಮಾಸ್ಟ್ರ ಮಾತಿಗಿಂತ ಜೋರಾಗಿ ತಾಗಿತು ಮೇಡಂ.

ಕಲಬುರ್ಗಿ ತೊಗರಿ · 10:26

ಇಲ್ಲಿ ನಮ್ಮ ಕಡಿ ಸುದ್ದಿ ಹೇಳ್ತೀನಿ ಕೇಳ್ರಿ. 2025ರ ಎಸ್ಸೆಸ್ಸೆಲ್ಸಿ ಮೊದಲನೇ ಪರೀಕ್ಷೆಯೊಳಗ ಪಾಸಾದವ್ರು ದಕ್ಷಿಣ ಕನ್ನಡ 91.12 ಪರ್ಸೆಂಟ್, ನಮ್ಮ ಕಲಬುರ್ಗಿ 42.43. ರಿಸಲ್ಟ್ ಬಂದ ದಿನ ಬೆಂಗಳೂರಿನ ಟೀವಿಯೊಳಗ ಎಲ್ಲಾರೂ ನಮ್ಮ ಮಾಸ್ತರಗೋಳಿಗೆ ಬೈದಿದ್ದೇ ಬೈದಿದ್ದು.

ದೀಪಾವಳಿ ಮುಗೀತಿದ್ದಂಗ ನಮ್ಮ ಊರಾಗ ಅರ್ಧ ಮನಿ ಕೀಲಿ. ಗುಳೆ ಹೋಗ್ಯಾರ. ಮುಂಬೈ, ಪುಣೆ, ಬೆಂಗಳೂರು. ಹುಡುಗ ಹಾಜರಿ ಪುಸ್ತಕದಾಗ ಇರ್ತಾನ, ಕ್ಲಾಸಿನಾಗ ಇರಂಗಿಲ್ಲ. ವಿಜ್ಞಾನಕ್ಕ ಕಾಯಂ ಮಾಸ್ತರ ಇಲ್ಲ, ಅತಿಥಿ ಶಿಕ್ಷಕರು ಜುಲೈನಾಗ ಬಂದು ಮಾರ್ಚಿನಾಗ ಹೋಗ್ತಾರ. ಹುಡುಗ ಪ್ರಶ್ನೆ ಕೇಳಬೇಕಂದ್ರ ಎದುರಿಗಿ ಯಾರರೆ ನಿಂದ್ರಬೇಕಲ್ಲ?

ಅತಿಥಿ ದೇವೋ ಭವ · 10:33

ನಾನು ಆ ಜುಲೈನಲ್ಲಿ ಬಂದು ಮಾರ್ಚ್‌ನಲ್ಲಿ ಹೋಗೋ ಪ್ರಾಣಿ. ತಿಂಗಳಿಗೆ ಹನ್ನೆರಡೂವರೆ ಸಾವಿರ, ಅದೂ ತಿಂಗಳು ತಿಂಗಳು ಬಂದರೆ ಹಬ್ಬ. ಹುಡುಗರು ನನ್ನನ್ನ ಪ್ರಶ್ನೆ ಕೇಳ್ತಾರೆ ಸರ್, ಧಾರಾಳವಾಗಿ ಕೇಳ್ತಾರೆ. "ಸರ್, ನೀವು ಮುಂದಿನ ವರ್ಷ ಇರ್ತೀರಾ?"

ಜಯನಗರ ಜಾಣ · 10:37

ಉಡುಪಿ, ಮಂಗಳೂರಿನವರು ಬುದ್ಧಿವಂತರು, ಅಷ್ಟೇ. ಒಪ್ಪಿಕೊಳ್ಳಿ.

ಕಲಬುರ್ಗಿ ತೊಗರಿ · 10:38

ನಿಮ್ಮ ಬುದ್ಧಿ ನೀವೇ ಇಟಗೋರಿ.

ಪುತ್ತೂರು ಪುಟ್ಟಕ್ಕ · 10:52

ಬುದ್ಧಿವಂತರಂತೆ! ಒಳಗಿನ ಕಥೆ ನಾನು ಹೇಳ್ತೇನೆ. ನನ್ನ ಮಗ ಎಂಟನೇ ಕ್ಲಾಸು. ಅವನ ಕ್ಲಾಸಿನಲ್ಲಿ ಅರ್ಧ ಜನ ಈಗಲೇ ನೀಟ್‌ಗೆ ಅಂತ ಫೌಂಡೇಶನ್ ಕೋರ್ಸಿಗೆ ಹೋಗ್ತಾರೆ. ಎಂಟನೇ ಕ್ಲಾಸು ಮಾರಾಯ್ರೆ! ಇನ್ನೂ ಮೀಸೆ ಬರ್ಲಿಲ್ಲ. ನಾನು ಕಳಿಸ್ಲಿಲ್ಲ ಅಂತ ಅತ್ತಿಗೆ, ನಾದಿನಿ, ಕೆಳಗಿನ ಮನೆಯವರು, ಎಲ್ಲರಿಗೂ ನನ್ನ ಮೇಲೆ ಅನುಮಾನ. "ಪಾಪ, ಮಗನ ಭವಿಷ್ಯ" ಅಂತ.

ಮೊನ್ನೆ ಆ ಕೋರ್ಸಿಗೆ ಹೋಗುವ ಹುಡುಗ ಮನೆಗೆ ಬಂದಿದ್ದ. ಹಲಸಿನ ಹಪ್ಪಳ ಕರೀತಿದ್ದೆ. ನನ್ನ ಮಗ ಕೇಳಿದ, "ಹಪ್ಪಳ ಎಣ್ಣೆಗೆ ಹಾಕಿದ ಕೂಡ್ಲೆ ಯಾಕೆ ಉಬ್ಬುವುದು?" ಅಂತ. ಈ ಹುಡುಗ ಹೇಳ್ತಾನೆ, "ಅದು ಸಿಲೆಬಸ್‌ನಲ್ಲಿ ಇಲ್ಲ." ಹಾಗಾಗಿ ಕೊಪ್ಪಳದ ಹುಡುಗ ಅಳಿಸಿದ್ದಕ್ಕೆ ನಂಗೆ ಆಶ್ಚರ್ಯ ಇಲ್ಲ. ನಮ್ಮ ಮಕ್ಕಳು ಅಳಿಸುವುದಿಲ್ಲ, ಆದ್ರೆ ಸಿಲೆಬಸ್ಸಿನ ಹೊರಗೆ ಬರೆಯುವುದೂ ಇಲ್ಲ.

ಬೆಣ್ಣೆದೋಸೆ · 10:54

ಅದ್ಸರಿ, ಹಪ್ಪಳ ಯಾಕೆ ಉಬ್ಬುತ್ತೆ?

ಪುತ್ತೂರು ಪುಟ್ಟಕ್ಕ · 10:58

ಒಣಗಿಸಿದ್ರೂ ಒಳಗೆ ಚೂರು ನೀರು ಉಳಿದಿರ್ತದೆ. ಬಿಸಿ ಎಣ್ಣೆಗೆ ಬಿದ್ದ ಕೂಡ್ಲೆ ಅದು ಆವಿ ಆಗಿ ಹಿಟ್ಟನ್ನು ದೂಡಿ ಹೊರಗೆ ಬರ್ತದೆ. ಎಣ್ಣೆ ಸರಿ ಕಾಯದಿದ್ರೆ ಎಣ್ಣೆ ಕುಡಿದು ಚಪ್ಪಟೆ ಕೂರ್ತದೆ. ಇದಕ್ಕೆ ನೀಟ್ ಬೇಡ, ಹಪ್ಪಳ ಕರೀಲಿಕ್ಕೆ ಬಂದ್ರೆ ಸಾಕು.

ಎಕ್ಸ್‌ರೇ ರೂಮು · 11:10

ಮೂಲ ವಿಷಯಕ್ಕೆ ಬರ್ತೀನಿ. ಹೃದಯದ ಚಿತ್ರ ತಿರುಗಾಮುರುಗಾ ಯಾಕೆ ಅಂತ ಗೊತ್ತಿಲ್ಲದೋರಿಗೆ: ಪುಸ್ತಕದಲ್ಲಿರೋದು ನಮ್ಮ ಎದುರಿಗೆ ನಿಂತವನ ಹೃದಯ. ಅವನ ಬಲ, ನಮ್ಮ ಎಡ. ಎಕ್ಸ್‌ರೇ ಫಿಲ್ಮನ್ನೂ ಹಾಗೇ ನೋಡೋದು. ಅದಕ್ಕೇ ನಾವು ಎಡ ಬಲ ತೋರಿಸೋ ಸೀಸದ ಅಕ್ಷರ ಇಟ್ಟೇ ತೆಗೆಯೋದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರ ಎದೆ ಎಕ್ಸ್‌ರೇ ತೆಗೆದೆ. ಹೃದಯದ ತುದಿ ಬಲಗಡೆ! ಗುರುತು ತಪ್ಪಿಟ್ಟೆ ಅಂದ್ಕೊಂಡು, ಯಾರಿಗೂ ಹೇಳದೆ, ಎರಡನೇ ಸಲ ತೆಗೆದೆ. ಮತ್ತೆ ಬಲಗಡೆ. ಮೂರನೇ ಸಲಕ್ಕೆ ಕರೆದಾಗ ಆ ಯಜಮಾನರೇ "ನಂದು ಹುಟ್ಟಿನಿಂದ ಬಲಗಡೆನೇ ಕಣಪ್ಪ, ಬಿಡು" ಅಂದರು. ಸುಮಾರು ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಒಳಗಿನ ಅಂಗಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತೆ. ನಾನೂ ಆ ಹುಡುಗನ ಥರಾನೇ, ಸರಿ ಇದ್ದದ್ದನ್ನ ಅಳಿಸಿ ಅಳಿಸಿ ತೆಗೆದವನು. ಬಾಯಿಬಿಟ್ಟು ಕೇಳಿದ್ದರೆ ಅವರಿಗೆ ಎರಡನೇ ಎಕ್ಸ್‌ರೇ ತಪ್ಪುತ್ತಿತ್ತು.

ಇನ್ನೊಂದು. ಹೃದಯ "ಎಡಗಡೆ" ಇದೆ ಅನ್ನೋದೂ ಅರ್ಧ ಸತ್ಯ. ಇರೋದು ಎದೆಯ ನಡುವೆ, ಎರಡು ಶ್ವಾಸಕೋಶದ ಮಧ್ಯೆ. ತುದಿ ಎಡಕ್ಕೆ ವಾಲಿದೆ, ಅಷ್ಟೇ. ಸಿನಿಮಾ ಹೀರೋಗಳು ಕೈ ಇಟ್ಟುಕೊಳ್ಳೋ ಜಾಗದಲ್ಲಿ ಅಲ್ಲ.

ಮಲೆನಾಡು ಮಳೆ · 11:13

ಬಲಗಡೆ ಹೃದಯದೋರು ಪ್ರೀತಿ ಮಾಡಿದ್ರೆ ಕೈ ಎಲ್ಲಿಡಬೇಕು?

ಡಲ್ಲಾಸ್ ದೊಡ್ಡಪ್ಪ · 11:40

ಇಲ್ಲಿ ಮಕ್ಕಳು ಟೀಚರನ್ನೇ ತಿದ್ದುತ್ತಾರೆ, ಟೀಚರ್ ಥ್ಯಾಂಕ್ಸ್ ಹೇಳುತ್ತಾರೆ. 2024ರ ಏಪ್ರಿಲ್ 8ರಂದು ನಮ್ಮೂರಿನ ಮೇಲೇ ಪೂರ್ಣ ಸೂರ್ಯಗ್ರಹಣ ಹಾದುಹೋಯಿತು. ಮೊಮ್ಮಗಳ ಶಾಲೆಯಲ್ಲಿ ಕನ್ನಡಕ ಕೊಟ್ಟು ಮೈದಾನಕ್ಕೆ ಕರೆದುಕೊಂಡು ಹೋಗಿದ್ದರು. ನಮ್ಮಲ್ಲಿ ಅವತ್ತು ರಜೆ ಕೊಟ್ಟು ಒಳಗೆ ಕೂರಿಸುತ್ತಿದ್ದರು. ವ್ಯತ್ಯಾಸ ಇಲ್ಲಿದೆ.

ಹಳೇ ಹೆಡ್ಮಾಸ್ಟ್ರು · ಬುಧವಾರ, ಬೆಳಿಗ್ಗೆ 6:15

ಡಲ್ಲಾಸ್‌ನವರೇ, ನಮ್ಮ ನಾಡಿನಲ್ಲಿ ಯಾರೂ ಕೇಳಲೇ ಇಲ್ಲ ಎನ್ನಬೇಡಿ. ಗೌರಿಬಿದನೂರು ಬಳಿಯ ಹೊಸೂರಿನಿಂದ ಬಂದ ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ ಬಾಳಿದವರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು, ಅದೂ ದೊಡ್ಡ ದೊಡ್ಡವರ ಎದುರು. ನಾನು ಬಿ.ಎಸ್ಸಿ ಓದುವಾಗ ಅವರ ಉಪನ್ಯಾಸ ಕೇಳಿದ್ದೇನೆ. ಪಂಚೆ, ಜುಬ್ಬ, ಗಾಂಧಿ ಟೋಪಿ. ಕೊನೆಗೆ ಪ್ರಶ್ನೆ ಕೇಳಿ ಎಂದರೆ ಇನ್ನೂರು ಜನರಲ್ಲಿ ಒಬ್ಬರೂ ಎದ್ದಿರಲಿಲ್ಲ. ನಾನೂ ಎದ್ದಿರಲಿಲ್ಲ.

ಸಿಬಿಝಡ್ ಮೇಷ್ಟ್ರು · 7:05

ಗ್ರಹಣದ ಮಾತು ಬಂತಲ್ಲ, ಹೇಳಿಬಿಡ್ತೀನಿ. 2025ರ ಸೆಪ್ಟೆಂಬರ್ 7, ಭಾನುವಾರ ರಾತ್ರಿ ಪೂರ್ಣ ಚಂದ್ರಗ್ರಹಣ. 9:57ಕ್ಕೆ ಶುರು, 11ರಿಂದ 12:22ರವರೆಗೆ ಪೂರ್ತಿ. ಶಾಲೆಯ ಮೈದಾನಕ್ಕೆ ಬನ್ನಿ ಅಂದಿದ್ದೆ. ನಲವತ್ತು ಜನ ಬರ್ತೀವಿ ಅಂದೋರು ಒಂಬತ್ತು ಜನ ಬಂದರು. ಸಂಜೆಯಿಂದ ಟೀವಿಯಲ್ಲಿ ಯಾವ ರಾಶಿಗೆ ಏನು ಕಾದಿದೆ ಅನ್ನೋದೇ ನಡೀತಿತ್ತಲ್ಲ. ಒಬ್ಬ ಹುಡುಗಿಯ ಅಜ್ಜಿ ಬಂದು "ಮಾಸ್ತರ, ನಮ್ಮ ಹುಡುಗಿಗಿ ಏನರೆ ಆದ್ರ ನೀವ ಜವಾಬ್ದಾರಿ" ಅಂತ ಹೇಳಿ, ತಾನೂ ಅಲ್ಲೇ ಕೂತಳು. ಸೆರಗು ಹೊದ್ದು, ತಲೆ ಬಗ್ಗಿಸಿಕೊಂಡು.

ಮೋಡ ಬಂದು ಹೋಗ್ತಾ ಇತ್ತು. ಹನ್ನೊಂದೂಕಾಲಿಗೆ ಬಿಟ್ಟುಕೊಡ್ತು. ತಾಮ್ರದ ಚೆಂಬಿನ ಹಾಗೆ ಚಂದ್ರ. ಅಜ್ಜಿ ಮೆಲ್ಲಗೆ ತಲೆ ಎತ್ತಿದಳು. ಆಮೇಲೆ ಇಳಿಸಲೇ ಇಲ್ಲ.

ಕೆಂಪು ಯಾಕೆ ಅಂತ ನಾನು ಸಿದ್ಧ ಮಾಡಿಕೊಂಡು ಹೋಗಿದ್ದನ್ನ ಹೇಳಿದೆ. ಭೂಮಿಯ ಸುತ್ತಲ ಗಾಳಿ ಸೂರ್ಯನ ಬೆಳಕನ್ನ ಬಗ್ಗಿಸಿ ನೆರಳಿನೊಳಕ್ಕೆ ಕಳಿಸುತ್ತೆ, ನೀಲಿ ದಾರಿಯಲ್ಲೇ ಚದುರಿ ಹೋಗುತ್ತೆ, ಕೆಂಪು ಮಾತ್ರ ಚಂದ್ರನನ್ನ ಮುಟ್ಟುತ್ತೆ. ಆಗ ಎಂಟನೇ ಕ್ಲಾಸಿನ ಒಂದು ಹುಡುಗಿ ಕೇಳಿತು: "ಸರ, ಈಗ ನಾವು ಚಂದ್ರನ ಮ್ಯಾಲ ನಿಂತಿದ್ರ ಏನ್ ಕಾಣ್ತಿತ್ರೀ?"

ಹತ್ತು ಸೆಕೆಂಡು ನನಗೇ ಮಾತು ಬರಲಿಲ್ಲ. ಅಲ್ಲಿಂದ ನೋಡಿದರೆ ಅದು ಸೂರ್ಯಗ್ರಹಣ. ಕಪ್ಪು ಭೂಮಿ, ಅದರ ಸುತ್ತ ಕೆಂಪು ಬಳೆ. ಭೂಮಿಯ ಮೇಲಿನ ಅಷ್ಟೂ ಸೂರ್ಯೋದಯ, ಅಷ್ಟೂ ಸೂರ್ಯಾಸ್ತ ಒಂದೇ ಸಲ.

ಆ ಹುಡುಗಿ ಕ್ಲಾಸಿನಲ್ಲಿ ಬಾಯಿ ಬಿಡಲ್ಲ. ಆ ರಾತ್ರಿ, ಬೋರ್ಡಿಲ್ಲ, ಬೆಂಚಿಲ್ಲ, ನನ್ನ ಮುಖವೂ ಸರಿಯಾಗಿ ಕಾಣ್ತಿರಲಿಲ್ಲ. ಅದಕ್ಕೇ ಕೇಳಿತೇನೋ. ಲೆಕ್ಕದ ಮೇಡಂ ಹೇಳಿದ ಹುಬ್ಬಿನ ವಿಷಯ ಓದಿದ ಮೇಲೆ ಹಾಗನ್ನಿಸ್ತಿದೆ.

ಮಲೆನಾಡು ಮಳೆ · 7:20

ನಮ್ಮ ತೀರ್ಥಹಳ್ಳಿ ಕಡೆ ಅವತ್ತು ಗ್ರಹಣ ಬಿಡಿ, ಚಂದ್ರನೇ ಇರಲಿಲ್ಲ. ಆದ್ರೂ ನಮ್ಮಮ್ಮ ಮಾತ್ರ ಸಾರಿನ ಪಾತ್ರೆಗೆಲ್ಲ ದರ್ಬೆ ಹಾಕಿಟ್ಟಿದ್ರು.

ಬೆಣ್ಣೆದೋಸೆ · 7:24

ದರ್ಬೆಯಲ್ಲಿ ವೈಜ್ಞಾನಿಕ ಕಾರಣ ಇದೆ ಅಂತಾರಲ್ಲ?

ಲೆಕ್ಕದ ಮೇಡಂ · 7:31

ಫ್ರಿಜ್ಜಿನಲ್ಲಿ ಇಡಿ, ಅದರಲ್ಲಿ ವೈಜ್ಞಾನಿಕ ಕಾರಣ ಇದೆ.

ಕಡೂರು ಕೊಬ್ರಿ · 8:02

ತಂದೆಯಾಗಿ ಒಂದು ಮಾತು. ಎಲ್ಲದಕ್ಕೂ ಪ್ರಶ್ನೆ ಪ್ರಶ್ನೆ ಅಂತ ಹಾಡಿ ಹೊಗಳ್ತೀರಿ. ನನ್ನ ಮಗಳು ಹತ್ತನೇ ಕ್ಲಾಸು. ಫೋನ್ ಇಡು ಅಂದ್ರೆ "ಯಾಕೆ?" ಊಟಕ್ಕೆ ಬಾ ಅಂದ್ರೆ "ಯಾಕೆ ಈಗಲೇ?" ಹಿಂದೆ ನಮ್ಮಪ್ಪ ಮೇಷ್ಟ್ರ ಹತ್ರ ಹೋಗಿ "ಕಣ್ಣೆರಡು ಬಿಟ್ಟು ಬಾಕಿ ನಿಮ್ಮದು, ಹೊಡೀರಿ" ಅಂತಿದ್ರು. ನಾವೇನು ಹಾಳಾಗಿಲ್ಲ.

ಸಿಬಿಝಡ್ ಮೇಷ್ಟ್ರು · 8:10

ಈಗಲೂ ಹಾಗಂತ ಬರೋ ಅಪ್ಪಂದಿರಿದ್ದಾರೆ ಸರ್. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ಹೊಡೆಯೋ ಹಾಗಿಲ್ಲ, ಮನಸ್ಸಿಗೆ ನೋವು ಮಾಡೋ ಹಾಗೂ ಇಲ್ಲ. ಕಾಯ್ದೆ ಇಲ್ಲದಿದ್ದರೂ ನಾನು ಹೊಡೆಯೋಲ್ಲ. ಮೊದಲ ಎರಡು ವರ್ಷ ಹೊಡೆದಿದ್ದೀನಿ, ಸುಳ್ಳು ಯಾಕೆ ಹೇಳಲಿ. ಅವತ್ತು ಹೊಡೆಸಿಕೊಂಡ ಒಬ್ಬ ಈಗ ಟ್ರ್ಯಾಕ್ಟರ್ ಓಡಿಸ್ತಾನೆ. ಸಿಕ್ಕಾಗಲೆಲ್ಲ ಗಾಡಿ ನಿಲ್ಲಿಸಿ ನಮಸ್ಕಾರ ಮಾಡ್ತಾನೆ. ಪ್ರತಿ ಸಲವೂ ನನಗೆ ಮುಜುಗರ.

ಟಿಕೆಟ್ ಟಿಕೆಟ್ · 8:19

@ಕಡೂರು ಕೊಬ್ರಿ, ಫೋನ್ ಇಡು ಅಂದಾಗ ನೀವು ನಿಮ್ಮದನ್ನ ಇಟ್ಟಿರ್ತೀರಾ? ಸುಮ್ನೆ ಕೇಳಿದೆ.

ಕಡೂರು ಕೊಬ್ರಿ · 8:21

ನಾನು ಅಡಿಕೆ ರೇಟು ನೋಡ್ತಿರ್ತೀನಿ. ಅದು ಬೇರೆ.

ಪುತ್ತೂರು ಪುಟ್ಟಕ್ಕ · 8:22

ಅಯ್ಯೋ ದೇವರೇ, ಎಲ್ಲಾ ಮನೆಯಲ್ಲೂ ಅದೇ ಅಡಿಕೆ ರೇಟು 😄

ಜಯನಗರ ಜಾಣ · 8:40

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸೋಶಿಯಲ್ ಮೀಡಿಯಾ ಖಾತೆ ಬಂದ್. ನಮ್ಮಲ್ಲೂ ತರಬೇಕು. ಸಮಸ್ಯೆ ಅರ್ಧ ಮುಗಿಯುತ್ತೆ.

ಅತಿಥಿ ದೇವೋ ಭವ · 8:47

ನಮ್ಮ ಹುಡುಗರ ಖಾತೆ ಎಲ್ಲ ಅವರ ಮಾವನ ಹೆಸರಲ್ಲೋ ಅಣ್ಣನ ಹೆಸರಲ್ಲೋ ಇದೆ ಸರ್. ಒಂಬತ್ತನೇ ಕ್ಲಾಸಿನ ಒಬ್ಬನ ವಯಸ್ಸು ಇನ್‌ಸ್ಟಾಗ್ರಾಂ ಪ್ರಕಾರ 34. ಶಾಲೆಗೆ ಬಂದ್ರೆ ನನಗಿಂತ ದೊಡ್ಡವನು.

ಲೆಕ್ಕದ ಮೇಡಂ · 9:05

ಪ್ರಶ್ನೆ ಅಂದಾಗ ನೆನಪಾಯ್ತು. 2025ರ ದಸರಾದಲ್ಲಿ ಜಾತಿ ಸಮೀಕ್ಷೆಗೆ ನಮ್ಮನ್ನ ಹಾಕಿದ್ರಲ್ಲ, ಸೆಪ್ಟೆಂಬರ್ 22ರಿಂದ. ಅರವತ್ತು ಪ್ರಶ್ನೆ! ನೆಟ್‌ವರ್ಕ್ ಸಿಗೋ ಮರ ಹುಡುಕಿಕೊಂಡು ಆ್ಯಪ್ ತೆರೆಯೋದು. ರಜೆ ಅಕ್ಟೋಬರ್ 18ರವರೆಗೂ ಹೋಯ್ತು, ಪಾಠ ಹಿಂದೆ ಬಿತ್ತು, ಈಗ ಶನಿವಾರ ಮಧ್ಯಾಹ್ನ ಎಲ್ಲ ಅದನ್ನೇ ತುಂಬಿಸ್ತಿದ್ದೀವಿ.

ಹೇಳೋಕೆ ಬಂದಿದ್ದು ಅದಲ್ಲ. ಒಂದು ಮನೆಯಲ್ಲಿ ಅಮ್ಮ "ನಿಮಗ್ಯಾಕೆ ನಮ್ಮನೇಲಿ ಫ್ರಿಜ್ ಇದೆಯಾ ಇಲ್ವಾ ಅಂತ?" ಅಂತ ಜಗಳ ತೆಗೆದರು. ಪಕ್ಕದಲ್ಲಿದ್ದ ಅವರ ಮಗಳು, ನನ್ನದೇ ಒಂಬತ್ತನೇ ಕ್ಲಾಸಿನವಳು, "ಸುಮ್ನಿರಮ್ಮ, ಮೇಡಂ ಕೇಳಿದ್ದಕ್ಕೆ ಉತ್ತರ ಕೊಡು" ಅಂದಳು. ನನಗೆ ಅಮ್ಮನೇ ಇಷ್ಟ ಆದಳು. ಹಿಡಿದ ಪ್ರಶ್ನೆ ಬಿಡಲಿಲ್ಲ.

ಕಡೂರು ಕೊಬ್ರಿ · 9:12

ಸಮೀಕ್ಷೆನೇ ತಪ್ಪು. ಯಾರ ಸಂಖ್ಯೆ ಎಷ್ಟು ಅಂತ ತೋರಿಸೋಕೆ

ಅಡ್ಮಿನ್ · 9:15

ಜಾತಿ ಲೆಕ್ಕದ ಚರ್ಚೆ ಇಲ್ಲಿ ಬೇಡ, ಹೋದ ಸಲ ನಾಲ್ಕು ದಿನ ಹೊಡೆದಾಡಿದ್ದು ಸಾಕು. ಪೂರ್ತಿಯಾಗದ ಆ ವಾಕ್ಯ ಹಾಗೇ ಇರಲಿ.

ಕೋಳಿ ಫಾರಂ · 9:30

ಮೇಷ್ಟ್ರುಗಳು ಪಾಠಕ್ಕಿಂತ ಮೊಟ್ಟೆ ಲೆಕ್ಕದಲ್ಲೇ ಬಿಜಿ ಅಲ್ವಾ? 😄

ಅತಿಥಿ ದೇವೋ ಭವ · 9:41

ನಗಬೇಡಿ ಸ್ವಾಮಿ. 2024ರಿಂದ ಬಿಸಿಯೂಟದ ಜೊತೆ ವಾರಕ್ಕೆ ಆರು ದಿನ ಮೊಟ್ಟೆ. ಒಂದಕ್ಕೆ 6 ರೂಪಾಯಿ ಲೆಕ್ಕ. ಅಂಗಡಿಯಲ್ಲಿ ರೇಟು ಏರಿದ ದಿನ ಮುಖ್ಯ ಶಿಕ್ಷಕರ ಜೇಬಿಗೆ ಕೈ. ಮೊಟ್ಟೆ ತಿನ್ನದೋರಿಗೆ ಬಾಳೆಹಣ್ಣು, ಅದರ ಲೆಕ್ಕ ಬೇರೆ ಪುಸ್ತಕ.

ಆದರೆ ಆ ಮೊಟ್ಟೆಯಿಂದಲೇ ನನ್ನ ಅತ್ಯುತ್ತಮ ಪಾಠ ಆಗಿದ್ದು. ಅಡುಗೆಯ ಅಕ್ಕ ಬೇಯಿಸೋಕೆ ಮುಂಚೆ ಬಕೆಟ್ ನೀರಿಗೆ ಹಾಕ್ತಾರೆ. ತೇಲಿದ್ದನ್ನ ಎಸೀತಾರೆ. ಒಂದಿನ ಒಂಬತ್ತನೇ ಕ್ಲಾಸನ್ನ ಅಡುಗೆಮನೆ ಮುಂದೆ ನಿಲ್ಲಿಸಿ "ಹಳೇದು ಯಾಕೆ ತೇಲುತ್ತೆ?" ಅಂದೆ. "ಗ್ಯಾಸ್ ತುಂಬಿದೆ, ಭಾರ ಕಮ್ಮಿ." "ಗ್ಯಾಸ್ ತುಂಬಿದ್ರೆ ಭಾರ ಜಾಸ್ತಿ ಆಗ್ಬೇಕಲ್ವೇನೋ?" "ಒಳಗೆ ಕೊಳೆತು ನೀರಾಗಿದೆ." ಅರ್ಧ ಗಂಟೆ ಜಗಳ. ಕೊನೆಗೆ ಅಡುಗೆಯ ಅಕ್ಕನೇ "ಚಿಪ್ಪಿಗೆ ತೂತು ಇರ್ತಾವೆ ಕಣ್ರೋ, ದಿನಾ ಆರುತ್ತೆ" ಅಂದರು. ಅಲ್ಲಿಂದ ದಾರಿ ಸಿಕ್ತು. ಚಿಪ್ಪಿನ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತೆ, ಆ ಜಾಗಕ್ಕೆ ಹೊರಗಿನ ಗಾಳಿ ಬರುತ್ತೆ. ಗಾತ್ರ ಅಷ್ಟೇ, ದ್ರವ್ಯರಾಶಿ ಕಮ್ಮಿ, ಸಾಂದ್ರತೆ ಕಮ್ಮಿ. ಅವತ್ತು ಯಾರೂ ಯಾರ ಉತ್ತರವನ್ನೂ ಅಳಿಸಲಿಲ್ಲ, ಅಳಿಸೋಕೆ ಬೋರ್ಡೇ ಇರಲಿಲ್ಲ.

ಹಳೇ ಹೆಡ್ಮಾಸ್ಟ್ರು · 10:20

ಇದನ್ನು ಓದಿ ಸಂತೋಷವಾಯಿತು. ಆದರೂ ಕೇಳುತ್ತೇನೆ, ಬೇಸರಿಸಬೇಡಿ. ಅರ್ಧ ಗಂಟೆ ಮೊಟ್ಟೆಗೆ ಹೋಯಿತು. ಮಾರ್ಚ್‌ನಲ್ಲಿ ಸಿಲೆಬಸ್ ಮುಗಿಯಲಿಲ್ಲವೆಂದು ನೋಟಿಸ್ ಬಂದರೆ ಮೊಟ್ಟೆ ಬಂದು ಉತ್ತರ ಕೊಡುತ್ತದೆಯೇ? 2023ರಲ್ಲಿ ರಾಜ್ಯದ ಫಲಿತಾಂಶ 83.89, ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದ 2024ರಲ್ಲಿ 73.40. ಅದೂ ಕೃಪಾಂಕ ಕೊಟ್ಟ ಮೇಲೆ. 2025-26ನೇ ಸಾಲಿನಿಂದ ತೇರ್ಗಡೆಗೆ ಶೇ 33, ಅಂದರೆ 625ಕ್ಕೆ 206. ಎಲ್ಲರ ಕಣ್ಣೂ ಈ ಅಂಕಿಗಳ ಮೇಲೇ ಇದೆ. ಯಾವ ಅಧಿಕಾರಿಯೂ "ನಿಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳು ಪ್ರಶ್ನೆ ಕೇಳಿದರು" ಎಂದು ನನ್ನನ್ನು ಕೇಳಿದ್ದಿಲ್ಲ. ನಾನೂ ನನ್ನ ಶಿಕ್ಷಕರನ್ನು ಕೇಳಿದ್ದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಕಲಬುರ್ಗಿ ತೊಗರಿ · 10:34

ಕ್ಯಾಮೆರಾ ಬಂದಮ್ಯಾಲ ಬಿದ್ದ ಹತ್ತು ಪರ್ಸೆಂಟ್ ಯಾರ ಬುದ್ಧಿ ಇತ್ತು ಅಂತ ಜಯನಗರದವ್ರಿಗಿ ಕೇಳ್ರಿ.

ಎಕ್ಸ್‌ರೇ ರೂಮು · 10:50

ಮೇಷ್ಟ್ರೇ, ಆ ಹುಡುಗನಿಗೆ ಮುಂದೇನು ಮಾಡಿದ್ರಿ? ಸರಿ ಮಾಡಿಸಿದ್ರಾ, ಹಾಗೇ ಬಿಟ್ರಾ? ನಾಳೆ ಪರೀಕ್ಷೆಯಲ್ಲಿ ಉಲ್ಟಾ ಬರೆದರೆ ನಿಮ್ಮ ಪ್ರಶ್ನೆಯಿಂದ ಅವನಿಗೇ ನಷ್ಟ.

ಸಿಬಿಝಡ್ ಮೇಷ್ಟ್ರು · ಸಂಜೆ 6:30

ಇವತ್ತು ಬೆಳಿಗ್ಗೆ ಮಾಡಿದ್ದು ಹೇಳ್ತೀನಿ.

ಅವನನ್ನೂ ಇನ್ನೊಬ್ಬನನ್ನೂ ಎದುರುಬದುರು ನಿಲ್ಲಿಸಿದೆ. ಇಬ್ಬರ ಅಂಗಿಗೂ ಒಂದೊಂದು ಹಾಳೆ ಪಿನ್ನು ಹಾಕಿದೆ. "ಎದುರಿಗಿರೋನ ಬಲಗೈ ಕಡೆ ಬಲ ಅಂತ ಬರಿ" ಅಂದೆ. ಬರೆದ. "ಅದು ನಿನಗೆ ಯಾವ ಕಡೆ ಆಯ್ತು?" "ಎಡರೀ." ಸುಮ್ಮನೆ ನಿಂತೆ. ಹುಬ್ಬು ಅಲ್ಲಾಡಿಸಲಿಲ್ಲ, ಮೇಡಂ. ಅವನ ಕೈ ಪೆನ್ಸಿಲ್ ಹಿಂಭಾಗದ ರಬ್ಬರ್ ಕಡೆ ಹೋಯ್ತು, ಅರ್ಧಕ್ಕೆ ನಿಂತಿತು. ಹಾಳೆ ನೋಡಿದ, ತನ್ನ ಎದೆ ನೋಡಿಕೊಂಡ, ಮತ್ತೆ ಹಾಳೆ. ಹಿಂದಿನ ಬೆಂಚಿನಿಂದ ಯಾರೋ "ಅಳಿಸಬ್ಯಾಡಲೇ" ಅಂದರು. ಅಳಿಸಲಿಲ್ಲ.

ಟಿಕೆಟ್ ಮೇಡಂ ಹೇಳಿದ್ದು ತಲೆಯಲ್ಲಿತ್ತು. ಎರಡೂ ಕಡೆ ಕೆಂಪು ಸೀಸದಕಡ್ಡಿಯೇ ಕೊಟ್ಟೆ, ಒಂದು ಕಡೆ ಒತ್ತಿ, ಇನ್ನೊಂದು ಕಡೆ ಮೆಲ್ಲಗೆ. ಆದರೆ ಪರೀಕ್ಷೆಗೆ ನೀಲಿ ಹಚ್ಚಿದರೂ ತಪ್ಪಲ್ಲ ಅಂತಲೂ ಹೇಳಬೇಕಾಯ್ತು. ಪ್ಯಾಕೇಜೂ ಬಿಡಲಿಲ್ಲ ಹೆಡ್ಮಾಸ್ಟ್ರೇ, ಹತ್ತು ಗಂಟೆಗೆ ಹೂವಿನ ನೀಳಛೇದ ಶುರು.

ಇನ್ನೊಂದು ಹೇಳೋದಿದೆ. ನಿನ್ನೆ ರಾತ್ರಿ ಈ ಪೋಸ್ಟು ಟೈಪ್ ಮಾಡ್ತಿದ್ದಾಗ ನನ್ನ ಮಗಳು, ಏಳನೇ ಕ್ಲಾಸು, ಬಂದು ಏನೋ ಕೇಳಿದಳು. "ಸುಮ್ನಿರಮ್ಮ, ಕೆಲಸ ಮಾಡ್ತಿದ್ದೀನಿ" ಅಂದೆ. ಏನು ಕೇಳಿದ್ದು ಅಂತ ಇವತ್ತು ವಿಚಾರಿಸಿದರೆ "ಮರೆತುಹೋಯ್ತು" ಅಂತಾಳೆ.

ಲೆಕ್ಕದ ಮೇಡಂ · 6:38

ಮರೆತಿರಲ್ಲ. ನಾಳೆ ಫೋನ್ ಪಕ್ಕಕ್ಕಿಟ್ಟು ಕೇಳಿ.

ಟಿಕೆಟ್ ಟಿಕೆಟ್ · 6:44

ಆ ಹುಡುಗ ಏನಾದ್ರೂ ಅಂದ್ನಾ ಸರ್ ಆಮೇಲೆ?

ಸಿಬಿಝಡ್ ಮೇಷ್ಟ್ರು · 6:49

ಅಂದ. ಬೆಲ್ ಹೊಡೆದ ಮೇಲೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತ. "ಸರ, ಒಂದ್ ಕೇಳ್ಲೇನ್ರೀ? ಪರೀಕ್ಷೆಯೊಳಗ ಎದುರಿಗಿದ್ದಾವ್ನ ಹೃದಯ ಬರೀಬೇಕೇನ್ರೀ, ನಂದ ಬರೀಬೇಕೇನ್ರೀ?"

ಮಲೆನಾಡು ಮಳೆ · 6:51

😂😂 ಅವನಿಗೆ ಇಪ್ಪತ್ತಕ್ಕೆ ಇಪ್ಪತ್ತು ಆಂತರಿಕ ಅಂಕ ಕೊಡಿ.

ಬೆಣ್ಣೆದೋಸೆ · 6:58

ಎಲ್ಲ ಓದಿದೆ. ಮೊಟ್ಟೆ ಈಗ ಬಕೆಟ್ಟಿಗೆ ಹಾಕಿದ್ದೀನಿ. ಒಂದು ತೇಲಲೂ ಇಲ್ಲ, ಮಲಗಲೂ ಇಲ್ಲ, ತಳದಲ್ಲಿ ನೆಟ್ಟಗೆ ನಿಂತಿದೆ. ಇದನ್ನ ತಿನ್ನಬಹುದಾ?